ತೊಟ್ಟಿಲ ಹಗ್ಗ ಕಾಲಿಗೆ, ಪೆನ್ನು ಕೈಗೆ: ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಥೆ ಬರೆಯುವ ಬಗೆ

ನಮ್ಮ ಅಜ್ಜಿ ಸೀರೆಯ ಜೋಲಿ ಕಟ್ಟಿ, ಅದರ ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂರುತ್ತಿದ್ದರು. ಕಾಲು ತೂಗುತ್ತಿತ್ತು, ಕೈ ಮೊರದಲ್ಲಿ ಅಕ್ಕಿ ಆರಿಸುತ್ತಿತ್ತು, ಬಾಯಿ ಪಕ್ಕದ ಮನೆಯವರ ಜೊತೆ ಮಾತಿಗಿಳಿದಿರುತ್ತಿತ್ತು. ಮಗ ಮೂರು ತಿಂಗಳವನಿದ್ದಾಗ ನಾನೂ ಹಾಗೆಯೇ ಹಗ್ಗ ಸುತ್ತಿಕೊಂಡು, ಮೊರದ ಬದಲು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡೆ. ಹತ್ತು ನಿಮಿಷದಲ್ಲಿ ಪಾಠವಾಯಿತು. ವಾಕ್ಯ ಹುಡುಕುವಾಗ ಕಾಲು ನಿಲ್ಲುತ್ತಿತ್ತು, ಕಾಲು ನಿಂತ ಕೂಡಲೇ ಮಗು ಏಳುತ್ತಿತ್ತು, ಮತ್ತೆ ತೂಗಿ ಮಲಗಿಸುವಷ್ಟರಲ್ಲಿ ವಾಕ್ಯ ಹೊರಟುಹೋಗಿರುತ್ತಿತ್ತು.

ಈಗ ಮಗನಿಗೆ ಒಂಬತ್ತು, ಮಗಳಿಗೆ ಐದು. ಈ ಒಂಬತ್ತು ವರ್ಷಗಳಲ್ಲಿ ಹದಿನಾಲ್ಕು ಕಥೆ ಬರೆದಿದ್ದೇನೆ. ಏಳು ಅಚ್ಚಾಗಿವೆ, ಎರಡನ್ನು ನಾನೇ ಹರಿದು ಹಾಕಿದೆ, ಉಳಿದವು ಬೀರುವಿನಲ್ಲಿ ಮಕ್ಕಳ ಹಳೆಯ ಸ್ವೆಟರುಗಳ ಕೆಳಗಿವೆ. ದೊಡ್ಡ ಲೆಕ್ಕವೇನಲ್ಲ. ಆದರೂ ಚಿಕ್ಕ ಮಕ್ಕಳಿರುವ ಗೆಳತಿಯರು, ಈಚೆಗೆ ಒಬ್ಬಿಬ್ಬರು ಗೆಳೆಯರು ಕೂಡ, ಸಮಯ ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಾರೆ. ಸಮಯ ಸಿಗಲಿಲ್ಲವೆಂದೇ ನಾನು ಬರವಣಿಗೆಯನ್ನು ತುಂಡು ಮಾಡಿದೆ. ಯಾವ ತುಂಡನ್ನು ಯಾವ ಹೊತ್ತಿಗೆ ಹೊಂದಿಸಬೇಕೆಂದು ತಿಳಿದುಕೊಳ್ಳುವುದರಲ್ಲೇ ಮೂರು ವರ್ಷ ಹೋಯಿತು. ನಿಮಗೆ ಅಷ್ಟು ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ವಾರ ಲೆಕ್ಕ ಮಾತ್ರ ಬರೆಯಿರಿ

ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಗುರುತಿಸುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು. ಏಳು ದಿನ ಮೂರು ಸಂಗತಿ ಗುರುತು ಹಾಕಿ: ಮಗು ಮಲಗಿದ್ದು ಮತ್ತು ಎದ್ದದ್ದು; ಮನೆಯಲ್ಲಿ ಮಗುವನ್ನು ನೋಡಿಕೊಳ್ಳಬಲ್ಲ ಇನ್ನೊಬ್ಬರು ಇದ್ದ ಹೊತ್ತು; ನಿಮ್ಮ ಕೈಗೆ ಕೆಲಸವಿದ್ದು ತಲೆ ಖಾಲಿ ಇದ್ದ ಹೊತ್ತು. ಅಂದಾಜಿನ ಮೇಲೆ ಹಾಕಬೇಡಿ, ಗಡಿಯಾರ ನೋಡಿ ಹಾಕಿ.

ನನ್ನ ವಾರದ ಲೆಕ್ಕ ನನ್ನನ್ನೇ ಬೆಚ್ಚಿಬೀಳಿಸಿತು. ಮಗ ದಿನವೂ ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಾನೆ ಎಂದು ನಂಬಿಕೊಂಡಿದ್ದೆ. ಏಳು ದಿನಗಳಲ್ಲಿ ಹಾಗೆ ಮಲಗಿದ್ದು ಮೂರೇ ದಿನ. ಲೆಕ್ಕಕ್ಕೇ ಹಿಡಿಯದಿದ್ದ ಬಟ್ಟೆ ಮಡಿಸುವ ಹೊತ್ತು ಮಾತ್ರ ದಿನಕ್ಕೆ ಇಪ್ಪತ್ತೈದು ನಿಮಿಷದಂತೆ ತಪ್ಪದೆ ಸಿಗುತ್ತಿತ್ತು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಈ ಅಂಕಿ ಕಂಡು ಆಸೆಪಡಬೇಡಿ. ಅದರಲ್ಲಿ ಮುಕ್ಕಾಲು ಪಾಲು ನೀವೂ ಮಲಗಲೇಬೇಕಾದ ಹೊತ್ತು, ಉಳಿದದ್ದು ಪಾತ್ರೆಯ ಹೊತ್ತು. ಮೂರು ವರ್ಷ ದಾಟಿದ ಮೇಲೆ ಹಗಲು ನಿದ್ದೆ ಯಾವತ್ತು ಬೇಕಾದರೂ ನಿಂತುಹೋಗಬಹುದು. ಹಾಗಾಗಿ ಈ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕು. ಹಳೆಯ ವೇಳಾಪಟ್ಟಿಗೆ ಜೋತುಬಿದ್ದು ಮಗುವಿನ ಮೇಲೆ ರೇಗಿದವಳಾಗಿ ಹೇಳುತ್ತಿದ್ದೇನೆ.

ಎರಡನೆಯದು: ಬರವಣಿಗೆಯನ್ನು ಮೂರು ಪಾಲು ಮಾಡಿ

ಕಥೆ ಬರೆಯುವುದು ಒಂದೇ ಕೆಲಸ ಎಂದುಕೊಂಡಿರುವವರೆಗೂ ಅದಕ್ಕೆ ಹೊತ್ತು ಸಿಗುವುದಿಲ್ಲ. ಅದರಲ್ಲಿ ಕೂಡಿಹಾಕುವ ಕೆಲಸವಿದೆ, ಬರೆಯುವ ಕೆಲಸವಿದೆ, ತಿದ್ದುವ ಕೆಲಸವಿದೆ. ಮೂರಕ್ಕೂ ಬೇಕಾದ ಹೊತ್ತಿನ ಜಾತಿಯೇ ಬೇರೆ.

ಕೂಡಿಹಾಕಲು ಮೌನ ಬೇಡ, ಮೇಜು ಬೇಡ. ಕೈ ಕೆಲಸದಲ್ಲಿದ್ದರೆ ಇನ್ನೂ ಒಳ್ಳೆಯದು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಮೇಲೆ ಕಥೆ ಬರೆಯಬೇಕೆಂದು ತಲೆಯಲ್ಲಿತ್ತು. ಹೆಸರಿಲ್ಲ, ಘಟನೆಯಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದೆ. ಮಗಳು ಮಡಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದಳು. ಅವಳಿಗೆ ಅದು ಆಟ, ನನಗೆ ಮುಗಿಯದ ಮೂಟೆ. ಆಗ ಹೊಳೆಯಿತು: ಈ ಮನುಷ್ಯ ಮದುವೆಮನೆಯಲ್ಲೂ ಕುರ್ಚಿಯಲ್ಲಿ ಕೂರುವುದಿಲ್ಲ, ಕಂಬಕ್ಕೆ ಬೆನ್ನು ಕೊಟ್ಟು ಕಾಲು ಅಗಲಿಸಿ ನಿಲ್ಲುತ್ತಾನೆ, ಚಪ್ಪರ ಈಗ ಬ್ರೇಕ್ ಹಾಕೀತು ಎನ್ನುವ ಹಾಗೆ. ಕಥೆ ಹುಟ್ಟಿದ್ದೇ ಅಲ್ಲಿ. ಮೇಜಿನ ಮುಂದೆ ಎರಡು ಗಂಟೆ ಕೂತಿದ್ದರೂ ಅದು ಬರುತ್ತಿರಲಿಲ್ಲ.

ಬರೆಯುವುದು, ಅಂದರೆ ಮೊದಲ ಕರಡು, ಇದಕ್ಕೆ ಮಾತ್ರ ಕಡಿಯದ ಹೊತ್ತು ಬೇಕು. ನನ್ನ ಅನುಭವದಲ್ಲಿ ಕನಿಷ್ಠ ನಲವತ್ತು ನಿಮಿಷ. ಅಷ್ಟೂ ಹೊತ್ತು ಮಗುವಿನ ಹೊಣೆ ಬೇರೆಯವರ ಮೇಲಿರಬೇಕು. ಮಗು ಮಲಗಿದೆ ಎನ್ನುವುದು ಹೊಣೆ ಕಳೆದಂತೆ ಅಲ್ಲ. ಒಂದು ಕಿವಿ ತೊಟ್ಟಿಲಲ್ಲೇ ಇರುತ್ತದೆ, ಒಂದೇ ಕಿವಿಯಲ್ಲಿ ಸಂಭಾಷಣೆ ಬರೆಯಲಾಗುವುದಿಲ್ಲ.

ತಿದ್ದುವುದನ್ನು ಎಲ್ಲಿ ಬೇಕಾದರೂ ಮಾಡಬಹುದು. ಕರಡನ್ನು ಕಾಗದದ ಮೇಲೆ ಮುದ್ರಿಸಿ ಚೀಲದಲ್ಲಿಡಿ. ಲಸಿಕೆ ಹಾಕಿಸಲು ಕಾಯುವ ಬೆಂಚು, ಶಾಲೆಯ ಗೇಟು, ಉದ್ಯಾನದ ಜಾರುಬಂಡೆಯ ಪಕ್ಕ, ಎಲ್ಲವೂ ಆಗುತ್ತದೆ. ನಡುವೆ ಕರೆದರೆ ಎದ್ದು ಹೋಗಿ, ಬಂದು ಅದೇ ಸಾಲಿನಿಂದ ಹಿಡಿಯಬಹುದು.

ನಾವು ಮಾಡುವ ತಪ್ಪು ಏನೆಂದರೆ, ಅಪರೂಪಕ್ಕೆ ಸಿಕ್ಕ ನಿಶ್ಶಬ್ದದ ನಲವತ್ತು ನಿಮಿಷವನ್ನು ಹಳೆಯ ಪುಟ ತಿದ್ದುವುದಕ್ಕೆ ಕಳೆಯುತ್ತೇವೆ. ತಿದ್ದುವುದು ಸುಲಭ, ಕೆಲಸ ಮಾಡಿದ ಸಮಾಧಾನವೂ ಸಿಗುತ್ತದೆ. ಮೊದಲ ಪುಟ ಕನ್ನಡಿಯಂತೆ ಹೊಳೆಯುತ್ತದೆ, ಎರಡನೆಯ ಪುಟ ಹುಟ್ಟುವುದೇ ಇಲ್ಲ.

ಬಾಣಂತನದ ತಿಂಗಳುಗಳಲ್ಲಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಮೊದಲ ಆರು ತಿಂಗಳು ಏನನ್ನೂ ಬರೆಯದಿದ್ದರೆ ಏನೂ ಕೆಡುವುದಿಲ್ಲ. ನೌಕರಿಯಲ್ಲಿರುವವರಿಗೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ವೇತನಸಹಿತ ಹೆರಿಗೆ ರಜೆಯಿದೆ. ಆ ರಜೆಯಲ್ಲಿ ಕಾದಂಬರಿ ಮುಗಿಸುತ್ತೇನೆ ಎಂದು ಏಳನೆಯ ತಿಂಗಳಲ್ಲಿ ನಾನೂ ಹೇಳಿಕೊಂಡು ತಿರುಗಿದ್ದೆ. ಬಜೆ ತೇಯ್ದು, ಎಣ್ಣೆ ನೀರು ಹಾಕಿಸಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಒಣಗಿಸಿಕೊಳ್ಳುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ದಿನಕ್ಕೊಂದು ಸಾಲು ಗೀಚಿಡಿ, ಸಾಕು. ಮಗುವಿನ ನೆತ್ತಿಯ ವಾಸನೆ, ಹಾಲು ಕಟ್ಟಿಕೊಂಡ ನೋವು, ನೋಡಲು ಬಂದವರು ಆಡಿದ ಮಾತು. ಐದು ವರ್ಷ ಕಳೆದ ಮೇಲೆ ಇವು ನೆನಪಿನಲ್ಲಿ ಇರುವುದಿಲ್ಲ. ಆಗ ಆ ಒಂದೊಂದು ಸಾಲೂ ಚಿನ್ನ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಬರೆಯಲಾಗುತ್ತಿಲ್ಲ ಎನ್ನುವ ಬೇಸರ ಬೇರೆ. ಎರಡು ವಾರ ದಾಟಿದರೂ ಇಳಿಯದ ಅಳು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು, ನಿದ್ದೆಗೆ ಅವಕಾಶವಿದ್ದರೂ ನಿದ್ದೆ ಬಾರದಿರುವುದು ಬೇರೆ. ಎರಡನೆಯದಕ್ಕೆ ನೋಟ್‌ಬುಕ್ ಮದ್ದಲ್ಲ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸಲಕರಣೆ: ಕಡಿಮೆ ಇದ್ದಷ್ಟೂ ಒಳ್ಳೆಯದು

ಅಡುಗೆಮನೆಯಲ್ಲಿ ಒಂದು ಸಣ್ಣ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್. ಪೆನ್ನಾದರೆ ಮಕ್ಕಳು ಗೋಡೆಗೆ ಒಯ್ಯುತ್ತಾರೆ. ಇನ್ನೊಂದು ಮೊಬೈಲ್.

ಕೈಗೆ ಹಿಟ್ಟು ಮೆತ್ತಿದ್ದಾಗ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಬಹುದು. ಕೀಲಿಮಣೆಯ ಮೈಕ್ ಒತ್ತಿದರೆ ಕನ್ನಡದಲ್ಲಿ ಹೇಳಿದ್ದು ಅಕ್ಷರವಾಗಿಯೇ ಮೂಡುತ್ತದೆ. ಆಡುಮಾತಿನ ಸೊಗಡನ್ನು ಅದು ತನಗೆ ತೋಚಿದ ಹಾಗೆ ತಿದ್ದಿಬಿಡುತ್ತದೆ, ಅದಕ್ಕೇ ನಾನು ಧ್ವನಿಯನ್ನೇ ಇಟ್ಟುಕೊಳ್ಳುತ್ತೇನೆ. ಒಂದು ಕಟ್ಟುಪಾಡಿದೆ: ಇಂದಿನ ರೆಕಾರ್ಡಿಂಗನ್ನು ನಾಳೆ ರಾತ್ರಿಯೊಳಗೆ ಕಾಗದಕ್ಕಿಳಿಸಬೇಕು. ಒಮ್ಮೆ ಒಂದು ತಿಂಗಳದ್ದು ಕೂಡಿಬಿದ್ದು, ಕೊನೆಗೆ ಕೂತು ಕೇಳಿದರೆ ಅದರಲ್ಲಿ ಕುಕ್ಕರಿನ ಸೀಟಿ, ಮಗಳ ಅಳು, ಅದರ ನಡುವೆ ನನ್ನ ದನಿ, “ಆಮೇಲೆ ಅವನು ಟಿಕೆಟ್ ಚೀಲ ತೆಗೆದು...” ಮತ್ತೆ ಸೀಟಿ. ಟಿಕೆಟ್ ಚೀಲ ತೆಗೆದು ಏನು ಮಾಡಿದನೋ ಇವತ್ತಿಗೂ ಗೊತ್ತಿಲ್ಲ.

ಟೈಪ್ ಮಾಡುವುದಾದರೆ ಯುನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನಲ್ಲಿ ಹೊಡೆದದ್ದನ್ನು ಮೊಬೈಲಿನಲ್ಲಿ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳ ಸಂತೆ ಕಾಣುತ್ತದೆ, ಬೆಂಚಿನ ಮೇಲೆ ಕೂತು ತಿದ್ದುವ ದಾರಿ ಮುಚ್ಚುತ್ತದೆ. ದಿನದ ಕೊನೆಗೆ ಬರೆದಷ್ಟನ್ನು ನಿಮ್ಮದೇ ಇಮೇಲಿಗೆ ಕಳುಹಿಸಿಕೊಳ್ಳಿ. ಎರಡು ವರ್ಷದ ಮಗುವಿನ ಬೆರಳಿಗೆ ಅಳಿಸುವ ಗುಂಡಿ ಎಲ್ಲಿದೆ ಎಂಬುದು ಹುಟ್ಟಿನಿಂದಲೇ ಗೊತ್ತಿರುತ್ತದೆ.

ನಲವತ್ತು ನಿಮಿಷ ಕೇಳುವುದು ಹೇಗೆ

ಇಡೀ ಲೇಖನದಲ್ಲಿ ಕಷ್ಟದ ಹೆಜ್ಜೆ ಇದು. ನಾನು ವರ್ಷಗಟ್ಟಲೆ ತಪ್ಪಾಗಿ ಕೇಳಿದೆ. “ನನಗೂ ಸ್ವಲ್ಪ ಸಮಯ ಬೇಕು ರೀ” ಎನ್ನುತ್ತಿದ್ದೆ. “ತೆಗೆದುಕೋ, ಬೇಡ ಎಂದವರು ಯಾರು?” ಎನ್ನುತ್ತಿದ್ದರು ನನ್ನ ಗಂಡ. ಅವರು ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಆ ಮಾತಿನಿಂದ ಒಂದು ನಿಮಿಷವೂ ಉದುರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಹೀಗೆಂದೆ: “ಭಾನುವಾರ ಹತ್ತರಿಂದ ಹನ್ನೆರಡು ನಾನು ಮನೆಯಲ್ಲಿ ಇರುವುದಿಲ್ಲ. ಮಕ್ಕಳ ಸ್ನಾನ, ತಿಂಡಿ ನಿಮ್ಮದು.”

“ಎಣ್ಣೆಸ್ನಾನವೇ?”

“ಅದೂ.”

ಮೊದಲ ಭಾನುವಾರ ಐದು ಸಲ ಕರೆ ಬಂತು: ಸೀಗೆಪುಡಿಯ ಡಬ್ಬಿ ಎಲ್ಲಿ, ಮಗಳ ಕೆಂಪು ಚಡ್ಡಿ ಯಾವುದು. ಎರಡನೆಯ ಭಾನುವಾರ ಎರಡು. ಮೂರನೆಯ ವಾರದಿಂದ ಕರೆ ನಿಂತಿತು. ಮನೆಗೆ ಬಂದಾಗ ಮಕ್ಕಳು ಉಲ್ಟಾ ಅಂಗಿ ಹಾಕಿಕೊಂಡು ಖುಷಿಯಾಗಿದ್ದರು. ಅಂಗಿಯನ್ನು ಸರಿಮಾಡಲು ಹೋಗಬೇಡಿ. ಹೋದರೆ ಮುಂದಿನ ವಾರದ ಹೊಣೆ ಸದ್ದಿಲ್ಲದೆ ನಿಮ್ಮ ಹೆಗಲಿಗೇ ಮರಳುತ್ತದೆ. ಅತ್ತೆ, ಅಮ್ಮ, ನಾದಿನಿ, ಪಕ್ಕದ ಮನೆಯ ಆಂಟಿ, ಯಾರನ್ನು ಕೇಳಿದರೂ ಹೀಗೆಯೇ ದಿನ, ಗಂಟೆ, ಕೆಲಸ ಮೂರನ್ನೂ ಹೆಸರಿಸಿ ಕೇಳಿ. ಇದೇ ಸಾಲಿನಲ್ಲಿ, ಬರೆಯುವ ಅಪ್ಪಂದಿರಿಗೂ ಒಂದು ಮಾತು: ನಿಮ್ಮ ಕೋಣೆಯ ಬಾಗಿಲು ಸುಲಭವಾಗಿ ಮುಚ್ಚಿಕೊಳ್ಳುತ್ತಿದ್ದರೆ, ಹೊರಗೆ ಯಾರು ಅದನ್ನು ಎಳೆದು ಹಿಡಿದಿದ್ದಾರೆ ಎಂದು ಒಮ್ಮೆ ನೋಡಿ.

ಮನೆಯೊಳಗೆ ಕೂತು ಬರೆಯಲು ಆಗದಿದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ, ಅಲ್ಲಿನ ಕುರ್ಚಿಯಲ್ಲಿ ನಿಮ್ಮದೂ ಪಾಲಿದೆ. ವಾರದ ರಜೆ ಯಾವತ್ತೆಂದು ಕೇಳಿಕೊಂಡು ಹೊರಡಿ. ಮಕ್ಕಳ ಎಣ್ಣೆಸ್ನಾನದ ಕರೆ ಬರಬಹುದಾದ ದಿನಗಳಲ್ಲಿ ಮೊಬೈಲ್ ಸದ್ದು ತಗ್ಗಿಸಿಕೊಂಡೇ ಹೋಗಿ, ದಿನಪತ್ರಿಕೆ ಓದುವ ಹಿರಿಯರು ಕನ್ನಡಕದ ಮೇಲಿಂದ ನೋಡುತ್ತಾರೆ.

ಬೆಳಗ್ಗೆ ನಾಲ್ಕಕ್ಕೆ ಏಳಿ ಎಂದು ಸಲಹೆ ಕೊಡುವವರು ಬಹಳ. ನನಗೆ ಅದು ಒಗ್ಗಲಿಲ್ಲ. ನಾನು ಹಾಸಿಗೆ ಬಿಟ್ಟ ಐದನೆಯ ನಿಮಿಷಕ್ಕೆ ಬಿಸಿ ತಪ್ಪಿದ ಬೆಕ್ಕಿನ ಮರಿಯಂತೆ ಮಗಳು ಎದ್ದು ಬರುತ್ತಿದ್ದಳು. ನಿಮ್ಮ ಮಗು ಗಾಢ ನಿದ್ದೆಯದಾದರೆ ಪ್ರಯತ್ನಿಸಿ. ಹಿಂದಿನ ರಾತ್ರಿಯೇ ದೋಸೆ ಹಿಟ್ಟು, ಸಮವಸ್ತ್ರ, ನೀರಿನ ಬಾಟಲಿ ಸಿದ್ಧವಿರಲಿ. ಇಲ್ಲದಿದ್ದರೆ ಆ ಬ್ರಾಹ್ಮೀ ಮುಹೂರ್ತವೆಲ್ಲ ತರಕಾರಿ ಹೆಚ್ಚುವುದಕ್ಕೇ ಹೋಗುತ್ತದೆ.

ಎದ್ದೇಳುವ ಮುನ್ನ ಮುಂದಿನ ಸಾಲು ಇಟ್ಟು ಏಳಿ

ನಲವತ್ತು ನಿಮಿಷ ಸಿಕ್ಕಿತು ಎನ್ನೋಣ. ಮೊದಲ ಹದಿನೈದು ನಿಮಿಷ “ಎಲ್ಲಿಗೆ ಬಂದಿದ್ದೆ” ಎಂದು ಹುಡುಕುವುದರಲ್ಲಿ ಕಳೆದರೆ ಏನು ಬಂತು? ಅದಕ್ಕೆ ಮದ್ದು ಹಿಂದಿನ ದಿನದ ಕೊನೆಯ ಎರಡು ನಿಮಿಷದಲ್ಲಿದೆ. ದೃಶ್ಯ ಮುಗಿಸಿ ಏಳಬೇಡಿ, ನಡುವೆ ನಿಲ್ಲಿಸಿ. ಕೆಳಗೆ ಮುಂದೇನೆಂದು ಒಂದು ಸಾಲು ಬರೆಯಿರಿ. ನನ್ನ ಕಂಡಕ್ಟರ್ ಕಥೆಯ ಕರಡಿನಲ್ಲಿ ಇಂಥವು ತುಂಬ ಇವೆ: “ಈಗ ಮದುಮಗಳ ಚಿಕ್ಕಪ್ಪ ಕುರ್ಚಿ ತಂದು ಕೊಡುತ್ತಾನೆ. ಇವನು ಥ್ಯಾಂಕ್ಸ್ ಹೇಳಿ ಅದರ ಬೆನ್ನು ಹಿಡಿದು ನಿಲ್ಲುತ್ತಾನೆ.” ನಾಲ್ಕು ದಿನ ಜ್ವರ, ಎರಡು ದಿನ ನೆಂಟರು ಬಂದು ಹೋದ ಮೇಲೆ ನೋಟ್‌ಬುಕ್ ತೆರೆದರೂ ಆ ಕುರ್ಚಿ ಅಲ್ಲೇ ಇರುತ್ತದೆ.

ಗಾತ್ರ, ಗಡುವು

ಬೀಸುಕಲ್ಲಿನ ಮುಂದೆ ಹಾಡಿದ ತ್ರಿಪದಿಗಳಿಗೆ ಮೂರೇ ಸಾಲು. ಒಂದು ಕೈಯಲ್ಲಿ ಗೂಟ ತಿರುಗಿಸುತ್ತ, ಇನ್ನೊಂದರಲ್ಲಿ ರಾಗಿ ಹಾಕುತ್ತ, ತೊಡೆಯ ಮೇಲೆ ಕೂಸನ್ನಿಟ್ಟುಕೊಂಡ ಹೆಂಗಸರು ಕಟ್ಟಿ ಉಳಿಸಿದ ಪ್ರಕಾರ ಅದು. ನೆನಪಿನಲ್ಲಿ ಹಿಡಿಸುವಷ್ಟೇ ಉದ್ದ. ಮಗು ಮೂರು ವರ್ಷದೊಳಗಿದ್ದರೆ ನೀವೂ ಕಿರಿದನ್ನೇ ಹಿಡಿಯಿರಿ: ಕವಿತೆ, ಪುಟ್ಟ ಕಥೆ, ಪ್ರಬಂಧ. ಅಂಗನವಾಡಿಗೋ ಎಲ್‌ಕೆಜಿಗೋ ಹೋಗಲು ಶುರುವಾದ ಮೇಲೆ ಸಣ್ಣಕಥೆಗೆ ಕೈ ಹಾಕಬಹುದು. ಕಾದಂಬರಿಯನ್ನು ಆರಂಭಿಸಬೇಡಿ ಎನ್ನುವುದಿಲ್ಲ, ಅಧ್ಯಾಯಗಳು ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳದ ಬಗೆಯದನ್ನು ಆರಿಸಿಕೊಳ್ಳಿ.

ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಬರೆಯುವಾಗ ಕೊನೆಯ ದಿನಾಂಕದಿಂದ ಮೂರು ವಾರ ಹಿಂದಕ್ಕೆ ನಿಮ್ಮದೇ ಗಡುವು ಇಟ್ಟುಕೊಳ್ಳಿ. ಆ ಮೂರು ವಾರಗಳಲ್ಲಿ ಒಂದು ಶೀತ, ಒಂದು ಹೊಟ್ಟೆನೋವು, ಒಂದು ಶಾಲಾ ವಾರ್ಷಿಕೋತ್ಸವದ ಚಿಟ್ಟೆಯ ರೆಕ್ಕೆ ಖಂಡಿತ ಬರುತ್ತವೆ. ಆ ರೆಕ್ಕೆಯನ್ನು ಗಡುವಿನ ರಾತ್ರಿ ಹನ್ನೊಂದಕ್ಕೆ ಅಂಟಿಸುತ್ತ ಕೂತು, ಹನ್ನೆರಡಕ್ಕೆ ಸ್ಪರ್ಧೆ ಮುಗಿದದ್ದನ್ನು ನಾನು ನೋಡಿದ್ದೇನೆ. ಚಿಟ್ಟೆ ಚೆನ್ನಾಗಿಯೇ ಹಾರಿತು.

ವಯಸ್ಸಾಗುತ್ತಿದೆ ಎಂದು ಚಡಪಡಿಸುವವರಿಗೆ ಎರಡು ತಾರೀಖು ಹೇಳುತ್ತೇನೆ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಹೊರಬಂದದ್ದು 1963ರಲ್ಲಿ. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನದಲ್ಲಿರುವ 12 ಕಥೆಗಳು 1990ರಿಂದ 2023ರ ನಡುವಿನವು.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು

ನಾಲ್ಕು ವರ್ಷದ ಆಸುಪಾಸಿನಲ್ಲಿ ಒಂದು ಒಳ್ಳೆಯ ಕಾಲ ಬರುತ್ತದೆ. ಅವರಿಗೂ ಒಂದು ನೋಟ್‌ಬುಕ್ ಕೊಡಿ, ನಿಮ್ಮದರಂತೆಯೇ ಇರುವುದನ್ನು. ಬಣ್ಣದ ಚಿತ್ರದ ಪುಸ್ತಕ ಕೊಟ್ಟರೆ ನಿಮ್ಮದಕ್ಕೇ ಕೈ ಹಾಕುತ್ತಾರೆ. ಗಡಿಯಾರದ ದೊಡ್ಡ ಮುಳ್ಳು ಆರಕ್ಕೆ ಬರುವವರೆಗೆ ಇಬ್ಬರೂ ಬರೆಯೋಣ ಎನ್ನಿ. ಮೊದಲ ವಾರ ಐದು ನಿಮಿಷ ಕೂತರೆ ಹೆಚ್ಚು. ನನ್ನ ಮಗಳು ಈಗ ಇಪ್ಪತ್ತು ನಿಮಿಷ ಕೂರುತ್ತಾಳೆ, ಸಾಲುಸಾಲಾಗಿ ಸೊನ್ನೆ ಬರೆದು ಕೆಳಗೆ ಗೆರೆ ಎಳೆಯುತ್ತಾಳೆ. ಏನಿದು ಎಂದರೆ “ಪತ್ರಿಕೆಗೆ” ಎನ್ನುತ್ತಾಳೆ. ಈ ಇಪ್ಪತ್ತು ನಿಮಿಷದಲ್ಲಿ ಹೊಸತನ್ನು ಬರೆಯುವ ಹಟ ಬೇಡ, ಇದು ತಿದ್ದುವ ಹೊತ್ತು. ಮೊಬೈಲ್ ಕೊಟ್ಟು ಕೂರಿಸಿದರೆ ಇನ್ನೂ ಸುಲಭ, ನಾನೂ ಕೊಟ್ಟಿದ್ದೇನೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಗಂಟೆಯನ್ನು ನಾನು ಕರಡಿಗೆಂದೇ ಎತ್ತಿಟ್ಟು ಬಳಸಿದವಳು, ಉಪದೇಶ ಮಾಡುವ ಮುಖ ನನಗಿಲ್ಲ.

ಮನೆಯವರನ್ನು ಕಥೆಗೆ ಎಳೆಯುವ ಮುನ್ನ

ಮಕ್ಕಳ ಮಾತು ಕೇಳುತ್ತಿದ್ದರೆ ಬರೆಯುವವರ ಕೈ ತುರಿಸುತ್ತದೆ. ಕಥೆಯಲ್ಲಿ ಕರಗಿಸಿ ಬಳಸಿ. ಪ್ರಬಂಧದಲ್ಲಿ ಮಗುವಿನ ಹೆಸರು, ಶಾಲೆ, ಕಾಯಿಲೆ ಬರೆಯಬೇಡಿ. ಹಾಸಿಗೆ ಒದ್ದೆ ಮಾಡಿಕೊಂಡದ್ದನ್ನು ನೀವು ಮುದ್ದಾಗಿ ಬರೆದಿರಬಹುದು, ಹತ್ತು ವರ್ಷದ ನಂತರ ಅವರ ಸಹಪಾಠಿ ಅದನ್ನು ಮುದ್ದಾಗಿ ಓದುವುದಿಲ್ಲ. ಮಗನಿಗೆ ಏಳು ತುಂಬಿದ ಮೇಲೆ ಕೇಳಿಯೇ ಬರೆಯುತ್ತೇನೆ. ಎರಡು ಸಲ ಬೇಡ ಎಂದಿದ್ದಾನೆ, ಎರಡೂ ಒಳ್ಳೆಯ ಪ್ರಸಂಗಗಳು, ಹೊಟ್ಟೆ ಉರಿಯಿತು. ದೊಡ್ಡವರ ವಿಷಯ ಇನ್ನೂ ನಾಜೂಕು. “ಕಥೆಯಲ್ಲಿ ಬರುವ ಅತ್ತೆ ನಾನೇ ಏನಮ್ಮಾ?” ಎಂದು ನಮ್ಮ ಅತ್ತೆ ಒಮ್ಮೆ ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು. ಅಲ್ಲ ಅತ್ತೆ ಎಂದೆ. “ಅವಳು ಸಾರಿಗೆ ಬೆಲ್ಲ ಹಾಕುತ್ತಾಳೆ. ನಾನು ಯಾವತ್ತು ಹಾಕಿದ್ದೇನೆ?” ಎಂದು ಅವರೇ ತೀರ್ಪು ಕೊಟ್ಟುಕೊಂಡರು. ಅಂದಿನಿಂದ ನನ್ನ ಪಾತ್ರಗಳ ಅಡುಗೆಯನ್ನು ನಮ್ಮ ಮನೆಯ ಅಡುಗೆಗಿಂತ ಬೇರೆಯಾಗಿಯೇ ಇಟ್ಟಿದ್ದೇನೆ.

ಕಂಡಕ್ಟರ್ ಕಥೆ ಹನ್ನೊಂದು ತಿಂಗಳು ಹಿಡಿಯಿತು. ಮುಗಿಯಿತು ಎಂದುಕೊಂಡ ರಾತ್ರಿ, ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ನೋಡಲು ಮೆಲುದನಿಯಲ್ಲಿ ಓದಿಕೊಳ್ಳುತ್ತಿದ್ದೆ. ಮಲಗಿದ್ದಾಳೆ ಎಂದುಕೊಂಡಿದ್ದ ಮಗಳು ಹೊದಿಕೆಯೊಳಗಿಂದ ಕೇಳಿದಳು, “ಅಮ್ಮಾ, ಆ ತಾತ ಕೊನೆಗೆ ಕೂತರಾ?”

ಕೂತರೋ ಇಲ್ಲವೋ ನಾನು ಬರೆದೇ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ದಾರ ಕಟ್ಟಿದ ಪೆನ್ಸಿಲ್ ಎಳೆದುಕೊಂಡು, ಅವಳು ಕೇಳಿದ್ದನ್ನು ಹಾಗೆಯೇ ಗೀಚಿ ಬಂದು ಮಲಗಿದೆ.